ಬೆದರುಹಗ್ಗ

ಮದ್ದೂರಿನ ಶೆಡ್ಡಿಗೆ ಈ ಸಲ ಅಂಗಿಯಿಲ್ಲ, ಕಾಲರಿಲ್ಲ,
ಕಾಜ ಹೊಲಿಯುವ ಗೌರಾಜಮ್ಮನಿಗೆ ಕೆಲಸವೇ ಇಲ್ಲ.
ಬಂದಿರುವುದು ಕಿತ್ತಳೆ ಬಣ್ಣದ ಥಾನು,
ಬಿಸಿಲಿಗೆ ಬಾಡದ್ದು, ಉಪ್ಪಿಗೆ ಜಗ್ಗದ್ದು,
ಕತ್ತರಿಯನ್ನು ಕೀರಲು ದನಿಯಲ್ಲಿ ಬೈಯುವಂಥದ್ದು.

ಪಟ್ಟಿ ಕತ್ತರಿಸಿ, ಮಡಚಿ, ಎರಡು ಸಾಲು ಹೊಲಿಗೆ.
ಹಗ್ಗದ ಮೂರು ಮಾರಿಗೊಂದು ಜೋಡಿ ಇಳಿಬಿಡಬೇಕು.
"ಯಾವ್ ದ್ಯಾವ್ರ ತೋರಣವೋ ಕಾಣೆ" ಅಂದಳು ಸಾಕಮ್ಮ.
ಮುನೀರ್ ಸಾಹೇಬರು ಫೋನಿನಲ್ಲಿ ಚಿತ್ರ ತೋರಿಸಿದರು.

ಹಡಗು. ಅದರ ಬೆನ್ನಿಂದ ಎರಡು ಉಕ್ಕಿನ ಮಿಣಿ
ನೀರೊಳಗಿಳಿದು, ಕಣ್ಣಿಗೆ ಕಾಣದ ಬಲೆಯನ್ನು ಎಳೆಯುತ್ತಿವೆ.
ಅಂಚಿನಿಂದ ಮೀನಿನ ಕರುಳು ಚೆಲ್ಲಿದರೆ ಸಾಕು,
ಮೊದಲ ಪಂಕ್ತಿಗೆ ನುಗ್ಗಿದ ಹಾಗೆ ಹಕ್ಕಿಗಳು.
ಅಲೆ ಎದ್ದಾಗ ಮಿಣಿ ಕುಯ್ಯುತ್ತದೆ.
ಬಿಚ್ಚಿದ ರೆಕ್ಕೆ ಅದಕ್ಕೆ ಸುತ್ತಿಕೊಂಡು
ಹಕ್ಕಿ ಸೀದಾ ಕೆಳಕ್ಕೆ.
ಬಲೆ ಎತ್ತಿದಾಗ ಲೆಕ್ಕಕ್ಕೂ ಸಿಗುವುದಿಲ್ಲವಂತೆ,
ನಡುದಾರಿಯಲ್ಲೇ ಕಳಚಿ ಹೋಗಿರುತ್ತದೆ.
ನಮ್ಮ ಪಟ್ಟಿಗಳು ಮಿಣಿಯ ಪಕ್ಕ ಪಟಪಟ ಅಂದರೆ
ಬೆದರಿ ದೂರ ಉಳಿಯುತ್ತವೆ. ಅಷ್ಟೇ ಕೆಲಸ.

"ಆಲ್ಬಟ್ರಾಸ್" ಅಂದರು. ನಮ್ಮ ನಾಲಿಗೆ ಹೊರಳಲಿಲ್ಲ.
ಈ ತುದಿಯ ರೆಕ್ಕೆಯಿಂದ ಆ ತುದಿಗೆ ಹನ್ನೊಂದು ಅಡಿ ಅಂದಾಗ
ಸಾಕಮ್ಮ ಟೇಪು ಹಿಡಿದು ನೆಲ ಅಳೆದಳು:
ನನ್ನ ಮಿಷನ್ನಿನಿಂದ ಇಸ್ತ್ರಿ ಮೇಜು ದಾಟಿ
ಕುಡಿಯುವ ನೀರಿನ ಡ್ರಮ್ಮಿನವರೆಗೆ.
ಅವತ್ತೆಲ್ಲ ಆ ಜಾಗ ತುಳಿಯದೆ
ಸುತ್ತು ಹಾಕಿ ನೀರು ಕುಡಿದೆವು.

ನಾನು ಕಡಲು ಕಂಡವಳಲ್ಲ.
ತವರು ಕೊಕ್ಕರೆ ಬೆಳ್ಳೂರು, ಕಂಡಿದ್ದು ಶಿಂಷೆ,
ಅದೂ ಬೇಸಿಗೆಯಲ್ಲಿ ಮೊಣಕಾಲುದ್ದ.
ಹಿತ್ತಲ ಹುಣಸೆಯಲ್ಲಿ ಹೆಜ್ಜಾರ್ಲೆಯ ಗೂಡು,
ಒಣಹಾಕಿದ ರಾಗಿಯ ಮೇಲೆ, ಅಪ್ಪನ ಬಿಳಿ ಪಂಚೆಯ ಮೇಲೆ ಪಿಚಿಕೆ,
ನೆಂಟರು ಮೂಗು ಮುಚ್ಚಿಕೊಂಡು ಉಂಡೆದ್ದು ಹೋಗುವ ವಾಸನೆ.
ಹುಣಸೆಹಣ್ಣಿನ ಸಾಬರು ಗಳ ಹಿಡಿದು ಬಂದರೆ
ಅಜ್ಜಿ ಬಾಗಿಲಲ್ಲೇ ತಡೆಯುತ್ತಿದ್ದಳು:
"ಮರದ್ ಮ್ಯಾಲೆ ಬಾಣ್ತೀರವ್ರೆ, ಆಮ್ಯಾಕ್ ಬಾ ಕಣಪ್ಪ."

ಗಾಳಿಗೆ ಮರಿಗಳು ಉದುರುತ್ತಿದ್ದವು.
ಅದಕ್ಕೇ ಮರದ ಕೆಳಗೆ ಬಲೆ ಕಟ್ಟಿದ್ದರು,
ಹೊಳೆಯಲ್ಲಿ ಹರಿದು ಬೇಡವಾದದ್ದನ್ನೇ ಹೊಲಿದು.
ನನ್ನ ಮೊದಲ ಹೊಲಿಗೆ ಅದು. ದಬ್ಬಳದಲ್ಲಿ. ಒಂಬತ್ತು ವರ್ಷ.
ರಾತ್ರಿ ನಿದ್ದೆಗಣ್ಣಲ್ಲೂ ಕಿವಿ ಅತ್ತಲೇ.
ಧೊಪ್ ಅಂದರೆ ನೆಲ.
ಬಲೆಗೆ ಬಿದ್ದರೆ ಸದ್ದೇ ಇಲ್ಲ.
ಸದ್ದಿಲ್ಲದ ರಾತ್ರಿ ಕಳೆದ ಬೆಳಿಗ್ಗೆ
ಮುಖವನ್ನೂ ತೊಳೆಯದೆ ಓಡುತ್ತಿದ್ದೆ.

ಹಾಗಾಗಿ ಕೇಳಿಬಿಟ್ಟೆ:
"ಅಲ್ಲೂ ಕೆಳ್ಗೊಂದ್ ಬಲೆ ಕಟ್ಬಾರ್ದಾ ಸಾ?"
ಮುನೀರ್ ಸಾಹೇಬರು ನಗಲಿಲ್ಲ.
"ಅಲ್ಲಿ ಕೆಳಗಿರೋದೇ ಬಲೆ ಕಣಮ್ಮ" ಅಂದರು.

ಹಕ್ಕಿಗೆ ಹೂಶ್ ಅಂದರೂ ಅಜ್ಜಿ ಬೆನ್ನಿಗೆ ಗುದ್ದುತ್ತಿದ್ದಳು.
ಈಗ ನಾನು ಹೆದರಿಕೆಯನ್ನೇ ಮೀಟರ್ ಲೆಕ್ಕದಲ್ಲಿ ಹೊಲಿಯುತ್ತೇನೆ,
ಪಟ್ಟಿಗೆ ಎಪ್ಪತ್ತು ಪೈಸೆ,
ಸೊಟ್ಟ ಹೋದರೆ ಅದೂ ಇಲ್ಲ.
ಅವಳಿದ್ದರೆ ಇದನ್ನು ಹೇಗೆ ಬಿಡಿಸಿ ಹೇಳುತ್ತಿದ್ದೆನೋ.
ಕೆಲವರನ್ನು ಉಳಿಸುವುದೆಂದರೆ
ಹತ್ತಿರ ಬಾರದ ಹಾಗೆ ನೋಡಿಕೊಳ್ಳುವುದು ಅಜ್ಜಿ,
ಎಂದರೆ ಅವಳು ಎಲೆಅಡಿಕೆ ಉಗಿದು
ಅರ್ಥವಾಗದವಳಂತೆ ನೋಡುತ್ತಿದ್ದಳು, ಅಷ್ಟೆ.

"ಇದ್ನ ಅವ್ರು ದಿನಾ ಕಟ್ತಾರಾ?" ಸಾಕಮ್ಮ ಕೇಳಿದಳು.
"ಕಟ್ಟಿದರೆ ಉಳೀತಾವೆ" ಅಂದರು ಸಾಹೇಬರು.
ಆ ಕಟ್ಟಿದರೆ ಎಂಬ ಮಾತು
ಮಿಷನ್ನಿನ ಸೂಜಿಗೆ ಸಿಕ್ಕ ಎಳೆಯ ಹಾಗೆ
ಸಂಜೆಯವರೆಗೂ ನನ್ನನ್ನು ತಡೆದು ತಡೆದು ನಿಲ್ಲಿಸಿತು.

ಅಲ್ಲಿ ಬೆರಳು ಮರಗಟ್ಟುವ ಚಳಿಯಂತೆ,
ಕೈಗೆ ದಪ್ಪ ಗವುಸಂತೆ, ನಿದ್ದೆಗೆಟ್ಟ ಹುಡುಗರಂತೆ.
ಗಂಟು ಹಾಕಲು ಬೇಸರವಾದರೆ
ಹಗ್ಗ ಸುರುಳಿಯಲ್ಲೇ ಉಳಿದುಬಿಡುತ್ತದೆ.
ಅದಕ್ಕೇ ತುದಿಯ ಕುಣಿಕೆಯನ್ನು
ಅಳತೆಗಿಂತ ಎರಡು ಬೆರಳು ದೊಡ್ಡದು ಮಾಡಿದ್ದೇನೆ,
ಸೋಮಾರಿಯ ಕೈಗೂ ಸಿಗುವಂತೆ.
ಸಾಕಮ್ಮನಿಗೆ ಗೊತ್ತು.
ಮುನೀರ್ ಸಾಹೇಬರ ಟೇಪು ಅಲ್ಲಿಯವರೆಗೆ ಬರುವುದಿಲ್ಲ.